ಈ ಮಂಜು ನಮ್ಮ ಕೆರೆಗಳದ್ದು

ಈಗಷ್ಟೇ ತಾಳಗುಂದದ ಕೆರೆ ಏರಿಯಿಂದ ಇಳಿದು ಬಂದೆ. ಕೊಯ್ಲಾದ ಗದ್ದೆಬಯಲೆಲ್ಲ ಬೆಳ್ಳಗೆ, ಮರಗಳ ತಲೆ ಮಾತ್ರ ಮೇಲೆ. ಕೈಬೆರಳು ಮರಗಟ್ಟಿ ಶಟರ್ ಒತ್ತೋದೇ ಕಷ್ಟ ಆಯ್ತು.

ಹಿಮದ ಫೋಟೊಗೆ ಮನಾಲಿ, ಕಾಶ್ಮೀರ ಅಂತ ಹೋಗುವವರು ಡಿಸೆಂಬರ್‌ನಲ್ಲಿ ಒಮ್ಮೆ ಶಿಕಾರಿಪುರ, ಸೊರಬದ ಹಳ್ಳಿ ರಸ್ತೆ ಹಿಡಿದು ನೋಡಿ. ನೀರು ಹೆಪ್ಪುಗಟ್ಟುವ ಚಳಿ ಇಲ್ಲಿಲ್ಲ, ನಿಜ. ಆದರೆ ಈ ಮಂಜು!

ಅಲ್ಲೇ ನಿಂತಾಗ ಹೊಳೀತು, ಇದು ಕೆರೆಗಳ ಕೊಡುಗೆ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಕೆರೆ-ಗದ್ದೆಯ ತೇವ ಮಂಜಾಗಿ ಕೂರುತ್ತೆ. 5ನೇ ಶತಮಾನದ ತಾಳಗುಂದ ಸ್ತಂಭಶಾಸನ ಹೇಳೋದೂ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ವಿಷಯವನ್ನೇ. ಅಂಜನಾಪುರ ಜಲಾಶಯ ಇರಲಿ, ಸೊರಬ ಕಡೆಯ ಗುಡವಿ ಕೆರೆ ಇರಲಿ, ಒಳ್ಳೆ ಫೋಟೊ ಸಿಗೋದು ನೀರಿನ ಬದಿಯಲ್ಲೇ. ಕೆರೆ ಹೂಳು ತುಂಬಿ ಬತ್ತಿದರೆ ಇಂಥ ಬೆಳಗೂ ಕಡಿಮೆಯಾಗುತ್ತೆ ಅನ್ನೋದು ನನಗೆ ನಿಜಕ್ಕೂ ಸಂಕಟದ ವಿಷಯ.

ಫೋಟೊ ತೆಗೆಯುವವರಿಗೆ ಒಂದು ಮಾತು. ಎಲ್ಲಾ ಬಿಳಿ ಕಂಡರೆ ಕ್ಯಾಮೆರಾ ತಾನಾಗೇ ಬೆಳಕು ಇಳಿಸುತ್ತೆ, ಮಂಜು ಬೂದಿ ಬಣ್ಣಕ್ಕೆ ತಿರುಗುತ್ತೆ. ಎಕ್ಸ್‌ಪೋಷರ್ ಒಂದು ಸ್ಟಾಪ್‌ನಷ್ಟು ಏರಿಸಿ. ಸೂರ್ಯನಿಗೆ ಎದುರಾಗಿ ನಿಂತರೆ ಜೇಡರ ಬಲೆಯ ಇಬ್ಬನಿ ಹನಿಹನಿಯೂ ಹೊಳೆಯುತ್ತೆ. ಬಿಸಿಲೇರಿದ ಮೇಲೆ ಏನೂ ಸಿಗಲ್ಲ.

ಚಂದ್ರಗುತ್ತಿ ಬೆಟ್ಟದ ಮಂಜಿನ ಫೋಟೊ ಯಾರ ಹತ್ತಿರ ಇದೆ? ನಿಮ್ಮೂರ ಕೆರೆಯದ್ದೂ ಹಾಕಿ. ಕೆರೆ ಹೆಸರು ಬರೆಯೋದು ಮರೀಬೇಡಿ.