ಮೈದಾನದ ಮಾತು – 4: ಕುಸ್ತಿಗೂ ಒಂದು ಸ್ಟೇಡಿಯಂ

ದೋಸ್ತರೇ, ನಮ್ಮ ಸಾಲಹಳ್ಳಿ, ರಾಮದುರ್ಗ ಕಡೆ ಜಾತ್ರಿ ಪೋಸ್ಟರಿನ್ಯಾಗ ‘ಜಂಗೀ ನಿಕಾಲಿ ಕುಸ್ತಿ’ ಅಂತ ಓದಿರ್ತೀರಿ. ಆ ಕುಸ್ತಿಗಂತನ ಕಟ್ಟಿಸಿದ ಸ್ಟೇಡಿಯಂ ಬೆಳಗಾವಿ ದಾಟಿದ್ರ ಸಿಗತೈತಿ: ಕೊಲ್ಲಾಪುರದ ಖಾಸಬಾಗ.

1902ರಲ್ಲಿ ಯುರೋಪಿಗೆ ಹೋಗಿದ್ದ ಶಾಹೂ ಮಹಾರಾಜರು ರೋಮಿನ ಕೊಲೊಸಿಯಂ ನೋಡಿ, ಪೈಲ್ವಾನರಿಗೂ ಅಂಥಾದ್ದು ಬೇಕು ಅಂದ್ರು. 1912ರಲ್ಲಿ ಕಟ್ಟಿ ಮುಗೀತು. ನಡುವ ಕೆಮ್ಮಣ್ಣಿನ ಕಣ, ಸುತ್ತಲೂ ಏರುತ್ತ ಹೋಗುವ ಗುಂಡನೆಯ ಗ್ಯಾಲರಿ. ಹಿಂದ ಕುಂತವರಿಗೂ ಮುಂದಿನವರ ತಲಿ ಅಡ್ಡ ಬರೂದಿಲ್ಲ.

ಅದೇ 1912ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಫೆನ್‌ವೇ ಪಾರ್ಕ್ ಅನ್ನೋ ಬೇಸ್‌ಬಾಲ್ ಮೈದಾನ ಶುರುವಾತು. ಒಂದು ಬದಿಗೆ ರಸ್ತೆ, ಜಾಗ ಸಾಲಲಿಲ್ಲ. ಅಲ್ಲೀಗ 37 ಅಡಿ ಎತ್ತರದ ಹಸಿರು ಗೋಡೆ ಐತಿ. ಆ ಗೋಡೆ ನೋಡಾಕಂತನ ಜನ ಟಿಕೆಟ್ ತಗೋತಾರ. ಅವರು ಹಳೇದನ್ನ ಕೆಡವಲಿಲ್ಲ, ಆಡ್ಕೋತ ಉಳಿಸಿಕೊಂಡ್ರು.

ನಮ್ಮ ಗರಡಿ ಮಣ್ಣಿಗೂ ಅದೇ ಮಾತು. ಮಜ್ಜಿಗಿ, ಎಣ್ಣಿ, ಅರಿಷಿಣ ಕಲಿಸಿ ಎಷ್ಟೇ ಹದ ಮಾಡ್ರಿ, ಇಳಿದು ಕೆದರೋರು ಇಲ್ಲಂದ್ರ ಗಟ್ಟಿಯಾಗಿ ಬಿಡತೈತಿ.

ನಿಮ್ಮೂರ ಗರಡಿ ಮನಿ ಬಾಗಲಾ ಈಗ ತೆಗದೈತೋ, ಕೀಲಿ ಹಾಕೈತೋ? ಹೋಗಿ ನೋಡ್ರಿ, ಫೋಟೊ ಕಳಸ್ರಿ. ಮುಂದಿನ ಕಂತು ಅದರದ್ದೇ.