ಹಿಡಿದಿಟ್ಟ ಕೂಲಿ

ತಂಗಿಯ ಮದುವೆಗೆ ಮುನ್ನ ಅಲ್ಯೂಮಿನಿಯಂ ಕಿಟಕಿಗಳಿಗೆ ಬಣ್ಣ ಹೊಡೆಸಿದ್ದೆವು. ಮೊದಲ ಮಳೆಗಾಲದಲ್ಲೇ ಅದು ಈರುಳ್ಳಿ ಸಿಪ್ಪೆಯಂತೆ ಎದ್ದುಬಂತು. ಪೇಂಟರ್ ಚಾಚಾರಿಗೆ ಕೊಡಬೇಕಿದ್ದ ಬಾಕಿ ಕೂಲಿಯನ್ನು ನಾವು ಹಿಡಿದಿಟ್ಟೆವು.

ಅವರು ಜಗಳವಾಡಲಿಲ್ಲ. "ತೊಳೆದು, ಉಜ್ಜಿ, ಪ್ರೈಮರ್ ಹೊಡೆಯಲು ಎರಡು ದಿನ ಕೇಳಿದ್ದೆ. ನೀವೇ ಬೇಡವೆಂದಿರಿ" ಎಂದರು.

ನಿಜವೇ. ಗಾಳಿ ತಾಕಿದೊಡನೆ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ. ಆ ನುಣುಪಿನ ಮೇಲೆ ಎನಾಮಲ್ ಬಣ್ಣ ನೇರವಾಗಿ ಹಿಡಿಯದು. ಸಾಬೂನು ನೀರಿನಿಂದ ಜಿಡ್ಡು ತೆಗೆದು, ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಪುಡಿ ಒರೆಸಿ, ಅಲ್ಯೂಮಿನಿಯಂಗೆಂದೇ ಬರುವ ಪ್ರೈಮರ್ ಹಚ್ಚಬೇಕು. ಅದು ಒಣಗಿದ ಮೇಲೆ ತೆಳುವಾಗಿ ಎರಡು ಕೋಟು ಬಣ್ಣ.

ಬಾಕಿ ತೀರಿಸಿ, ಕ್ಷಮೆ ಕೇಳಿ, ಚಾಚಾರನ್ನೇ ಮತ್ತೆ ಕರೆದೆವು. ಐದು ಮಳೆಗಾಲ ಕಳೆದರೂ ಬಣ್ಣ ಹಾಗೇ ಇದೆ. ಕಿಟಕಿ ಒರೆಸುವಾಗಲೆಲ್ಲ ಆ ಕೂಲಿ ನೆನಪಾಗುತ್ತದೆ.