ಕುರಿಯವರಿಗೂ ಒಂದು ಪಟ್ಟಿ

ಚಡಚಣದಿಂದ ಇಂಡಿಗೆ ಹೋಗೋ ರಸ್ತೆದಾಗ ಈಗಷ್ಟ ಒಂದು ಕುರಿ ಹಿಂಡು ದಾಟಿತು. ಹಿಂದ ಒಂದು ಕುದುರಿ. ಅದರ ಮ್ಯಾಲೆ ಕೌದಿ, ಬುಟ್ಟ್ಯಾಗ ಕೋಳಿ, ನಡುವ ನಿದ್ದಿ ಹತ್ತಿದ ಕೂಸು. ಪೂರಾ ಸಂಸಾರ ಅಷ್ಟ.

ಇವರನ್ನ ನೋಡಿ ಒಂದು ಮಾತು ನೆನಪಾತು. 2023ರ ಸೆಪ್ಟೆಂಬರಿನಾಗ ಮೊರಾಕ್ಕೋದಾಗ ಭೂಕಂಪ ಆದಾಗ ಅಟ್ಲಾಸ್ ಗುಡ್ಡದ ಬರ್ಬರ್ ಮಂದಿಗೆ ಎಲ್ಲೆಲ್ಲಿಂದನೋ ರೊಕ್ಕ ಹೋತು. ಚಲೋನ ಆತು. ಆದ್ರ ನಮ್ಮ ಹೊಲದಾಗ ರಾತ್ರಿ ಕುರಿ ಕೂಡ್ರಿಸಿ ಗೊಬ್ಬರ ಕೊಟ್ಟು ಹೋಗೋ ಈ ಮಂದಿಗೆ ಸಿಡಿಲು ಬಡಿದೋ, ಲಾರಿ ಹಾಯ್ದೋ ಹತ್ತು ಕುರಿ ಸತ್ರ ಪಟ್ಟಿ ಎತ್ತೋರು ಯಾರು? ಕುರಿ ಸತ್ರ ಪರಿಹಾರ ಕೊಡೋ ಸರ್ಕಾರದ ‘ಅನುಗ್ರಹ’ ಯೋಜನೆ ಅದ, ಖರೆ. ಅದಕ್ಕ ಪಶು ಡಾಕ್ಟರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು, ಕಾಗದ ಅಡ್ಡಾಡಬೇಕು. ಅಷ್ಟೊತ್ತಿಗೆ ಹಿಂಡು ಭೀಮಾ ದಾಟಿ ಸೋಲಾಪುರದ ಕಡೆ ಹೋಗಿರ್ತದ!

ನನಗನಿಸ್ತದ, ರೊಕ್ಕದ ಬದಲಿ ಮರಿ ಕೊಡಬೇಕು. ಜಾತ್ರಿ ಪಟ್ಟಿ ಕೊಡೋ ನಾಕು ಮನಿ ಕೂಡಿ ಒಂದು ಹೆಣ್ಮರಿ. ರೊಕ್ಕ ಆದ್ರ ಸಾಲ ಕೊಟ್ಟಾವ ಬಂದು ಕಿತ್ಕೊಂತಾನ. ಮರಿ ಆದ್ರ ವರ್ಷ ಒಂದೂವರೆ ವರ್ಷದಾಗ ಈಯ್ತದ.

ಸಂತ್ಯಾಗ ಈಗ ಹೆಣ್ಮರಿ ಏನು ರೇಟ್ ನಡದದ? ಗೊತ್ತಿದ್ದವರು ಹೇಳ್ರಿ. ಕೂಡೋರಿದ್ರ ಹೂಂ ಅನ್ರಿ.